331 ಅಂಕದ ಒಳಗೆ ಏನಿತ್ತು?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆಗಿನ ಒಂದು ಹಳ್ಳಿಯ ಹುಡುಗಿ, ವಯಸ್ಸು 18. ಇಲ್ಲಿ ಸುಮಾ ಎಂದು ಕರೆಯೋಣ. ಹೆಸರನ್ನೂ ಮನೆಯ ವಿವರಗಳನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಮನೆಯಲ್ಲಿ ತುಳು, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಪ್ಲಸ್ ಟು ಇಂಗ್ಲಿಷಿನಲ್ಲಿ. ಶಾಲೆಯಲ್ಲಿ ಯಾವಾಗಲೂ ಮುಂದೆ ಇದ್ದವಳು. 2025ರ ಮೇ 4ರಂದು ಬರೆದ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನಲ್ಲಿ 720ಕ್ಕೆ 331 ಬಂತು. ಆ ವರ್ಷ ಸಾಮಾನ್ಯ ವರ್ಗದ ಅರ್ಹತೆಯ ಗೆರೆ 144. ಹಾಗಾಗಿ ಕಾಗದದ ಮೇಲೆ ಅವಳು ಪಾಸು. ಸೀಟು ಮಾತ್ರ ದೂರ.

ತಂದೆಗೆ ಅಡಿಕೆ ತೋಟ. ಫಲಿತಾಂಶ ಬಂದ ವಾರದಲ್ಲೇ ಕೋಟ್ಟಯಂ ಕಡೆಯ ಒಂದು ರಿಪೀಟರ್ ಬ್ಯಾಚಿನ (ಮತ್ತೊಮ್ಮೆ ನೀಟ್ ಬರೆಯುವವರ ಕೋಚಿಂಗ್) ಬಗ್ಗೆ ವಿಚಾರಿಸಿ, ಹಾಸ್ಟೆಲ್ ಖರ್ಚಿನ ಲೆಕ್ಕವನ್ನೂ ಹಾಕಿದ್ದರು. ತಾಯಿಗೆ ನರ್ಸಿಂಗ್ ಸಾಕು ಎಂದಿತ್ತು. ಸಲಹೆ ಕೇಳಲು ನನ್ನ ಹತ್ತಿರ ಬಂದಾಗ ಮಾತಾಡಿದ್ದೆಲ್ಲ ಅವರಿಬ್ಬರೇ. ಸುಮಾ ನೆಲ ನೋಡುತ್ತಾ ಕೂತಿದ್ದಳು.

ಇಂಥ ಪ್ರಕರಣದಲ್ಲಿ ನಾನು ಓದಿನ ವಿಷಯವನ್ನು ಮೊದಲು ಎತ್ತುವುದಿಲ್ಲ. ಅವಳೊಬ್ಬಳ ಜೊತೆಗೇ ಕೂತು ನಿದ್ದೆ, ಊಟ, ಗೆಳತಿಯರ ಬಗ್ಗೆ ಕೇಳಿದೆ. ‘ಬದುಕೇ ಬೇಡ ಅನ್ನಿಸಿದ್ದುಂಟಾ’ ಎಂದೂ ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಹೆದರಿಕೆ ತುಂಬ ಜನರಿಗಿದೆ. ಅದು ತಪ್ಪು. ಕೇಳಿದರೆ ಮಕ್ಕಳಿಗೆ ಉಸಿರು ಬಿಟ್ಟ ಹಾಗಾಗುತ್ತದೆ. ಸುಮಾಳಿಗೆ ಅಂಥದ್ದೇನೂ ಇರಲಿಲ್ಲ. ನಾಚಿಕೆ ಇತ್ತು, ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟಿದ್ದಳು, ಅಷ್ಟೆ. ಆದರೂ ಮಾನಸಿಕ ನೆರವಿನ ಸಹಾಯವಾಣಿಗಳಾದ ಟೆಲಿ ಮಾನಸ್‌ನ 14416 ಮತ್ತು ಕೇರಳದ ದಿಶಾದ 1056, ಎರಡೂ ನಂಬರನ್ನು ಬರೆದು ಕೊಟ್ಟೆ. ಇವು ಹೊತ್ತಲ್ಲದ ಹೊತ್ತಿಗೆ ಬೇಕಾಗುತ್ತವೆ.

ಆಮೇಲೆ ಒಂದೇ ಕೆಲಸ ಹೇಳಿದೆ: ಮುಂದಿನ ಸಲ ಬರುವಾಗ ಪ್ರಶ್ನೆಪತ್ರಿಕೆ ತಾ. ನೀಟ್ ಬರೆದವರು ಪ್ರಶ್ನೆಪುಸ್ತಿಕೆಯನ್ನು ಮನೆಗೆ ತರಬಹುದು. ಪರೀಕ್ಷೆ ನಡೆಸುವ ಎನ್‌ಟಿಎ ಪ್ರತಿಯೊಬ್ಬರ ಒಎಂಆರ್ ಶೀಟಿನ (ಉತ್ತರದ ಗುಂಡಿ ತುಂಬುವ ಹಾಳೆ) ಸ್ಕ್ಯಾನ್ ಮತ್ತು ಉತ್ತರಸೂಚಿಯನ್ನು ವೆಬ್‌ಸೈಟಿಗೆ ಹಾಕುತ್ತದೆ. ಅಂದರೆ ಎಲ್ಲಿ ಎಡವಿದೆವು ಎಂಬ ಪೂರ್ತಿ ದಾಖಲೆ ನಮ್ಮ ಕೈಯಲ್ಲೇ ಇರುತ್ತದೆ. ಹಾಗಿದ್ದರೂ ರಿಪೀಟ್ ಮಾಡುವ ಮಕ್ಕಳು ಅದನ್ನು ತೆರೆದು ನೋಡುವುದು ಕಡಿಮೆ. ಮೊದಲ ಅಧ್ಯಾಯದಿಂದ ಎಲ್ಲವನ್ನೂ ಇನ್ನೊಮ್ಮೆ ಓದಲು ಹೊರಡುತ್ತಾರೆ. ನನಗೆ ಇದು ಯಾವತ್ತೂ ವಿಚಿತ್ರ ಅನ್ನಿಸುತ್ತದೆ.

ಪತ್ರಿಕೆ ತೆರೆದು ಲೆಕ್ಕ ಹಾಕಿದೆವು. 180 ಪ್ರಶ್ನೆಗಳಲ್ಲಿ 98 ಸರಿ, 61 ತಪ್ಪು, 21 ಖಾಲಿ. ಸರಿ ಉತ್ತರಕ್ಕೆ 4, ತಪ್ಪಿಗೆ ಒಂದು ಕಡಿತ. ಬಯಾಲಜಿಯಲ್ಲಿ 226, ಕೆಮಿಸ್ಟ್ರಿಯಲ್ಲಿ 79, ಫಿಸಿಕ್ಸಿನಲ್ಲಿ 26. ‘ನೋಡಿ, ಫಿಸಿಕ್ಸೇ ಮುಳುಗಿಸಿದ್ದು’ ಎಂದರು ತಂದೆ. ಆ ವರ್ಷದ ಫಿಸಿಕ್ಸ್ ಕಷ್ಟವಾಗಿತ್ತು ಎಂಬುದು ನಿಜ. ದೇಶದ ಮೊದಲ ರ‍್ಯಾಂಕಿಗೇ 686 ಅಂಕ, ಹಿಂದಿನ ವರ್ಷ 720 ತೆಗೆದವರಿದ್ದರು. ಆದರೆ ನಾನು ನೋಡಬೇಕೆಂದಿದ್ದು ಬೇರೆಯದನ್ನು.

ತಪ್ಪಾದ 61ನ್ನೂ ಒಂದೊಂದಾಗಿ ಓದಿ, ಆ ಹೊತ್ತಿಗೆ ಏನಾಗಿತ್ತು ಎಂದು ಅವಳೇ ಹೇಳಬೇಕು ಎಂದೆ. ಒಂದು ಮಧ್ಯಾಹ್ನ ಪೂರ್ತಿ ಹೋಯಿತು. 19 ಪ್ರಶ್ನೆಗಳಿಗೆ ಅವಳಿಗೆ ಉತ್ತರ ಗೊತ್ತಿತ್ತು. ‘ಯಾವುದು ತಪ್ಪು’ ಎಂದು ಕೇಳಿದ ಕಡೆ ಸರಿಯಾದದ್ದನ್ನು ಗುರುತಿಸಿದ್ದಳು, ಹೊಂದಿಸಿ ಬರೆಯುವಲ್ಲಿ ಸಾಲು ತಪ್ಪಿತ್ತು, ಕೆಲವು ಕಡೆ ಪುಸ್ತಿಕೆಯಲ್ಲಿ ಸರಿ ಟಿಕ್ ಮಾಡಿ ಒಎಂಆರ್‌ನಲ್ಲಿ ಪಕ್ಕದ ಗುಂಡಿ ತುಂಬಿದ್ದಳು. 27 ಅರೆಬರೆ ಗೊತ್ತಿದ್ದವು, ‘ಎಲ್ಲೋ ಓದಿದ್ದೆ’ ಎನ್ನುವಂಥವು. 15 ಮಾತ್ರ ಸುಮ್ನೆ ಹೊಡೆದದ್ದು.

ಮೊದಲ ಗುಂಪನ್ನೇ ನೋಡಿ. ತಪ್ಪು ಸರಿಯಾದರೆ ಕಡಿತದ ಒಂದು ಉಳಿಯುತ್ತದೆ, ಮೇಲೆ ನಾಲ್ಕು ಬರುತ್ತದೆ, ಒಟ್ಟು 5. ಹತ್ತೊಂಬತ್ತು ಐದಲಿ 95. ಹೊಸದಾಗಿ ಒಂದಕ್ಷರ ಕಲಿಯದೆ 426! ಅಷ್ಟೂ ವಾಪಸ್ ಬರುವುದಿಲ್ಲ, ಅವಸರದ ತಪ್ಪು ಎಲ್ಲರಿಗೂ ಸ್ವಲ್ಪ ಉಳಿದೇ ಉಳಿಯುತ್ತದೆ. ಆದರೆ ಅವಳು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದ್ದು ಆ ಲೆಕ್ಕದ ಹೊತ್ತಿಗೆ.

ಸುಮ್ನೆ ಹೊಡೆದ ಉತ್ತರಗಳ ಬಗ್ಗೆ ಒಂದು ಮಾತು. ‘ನೆಗೆಟಿವ್ ಮಾರ್ಕೇ ಹಾಳು ಮಾಡಿತು’ ಎಂದು ಟ್ಯೂಷನ್ ಮೇಷ್ಟ್ರು ಹೇಳಿದ್ದರಂತೆ. ಲೆಕ್ಕ ಹಾಗೆ ಹೇಳುವುದಿಲ್ಲ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಗುರುತಿಸಿದರೆ ನಾಲ್ಕರಲ್ಲಿ ಒಮ್ಮೆ 4 ಬರುತ್ತದೆ, ಮೂರು ಸಲ ಒಂದೊಂದು ಹೋಗುತ್ತದೆ. ಸರಾಸರಿ ನಷ್ಟವಿಲ್ಲ, ಕೂದಲೆಳೆಯಷ್ಟು ಲಾಭವೇ. ಒಂದು ಆಯ್ಕೆಯನ್ನು ಖಂಡಿತ ಅಲ್ಲ ಎಂದು ಬಿಡಲು ಸಾಧ್ಯವಾದರೆ ಲಾಭ ಇನ್ನೂ ಜಾಸ್ತಿ. ಸುಮಾಳಿಗೂ ಹೀಗೆ ಹೊಡೆದ ನಾಲ್ಕು ತಾಗಿದ್ದವು: ಬಂದದ್ದು 16, ಹೋದದ್ದು 15. ಹಾಗಾಗಿ ಅದರ ಬಗ್ಗೆ ಕೊರಗುವುದು ಬೇಡ ಎಂದೆ. ಆ ಪ್ರಶ್ನೆಗಳ ಮುಂದೆ ಯೋಚಿಸುತ್ತಾ ಕೂತು ಕಳೆದ ನಿಮಿಷಗಳೇ ನಿಜವಾದ ನಷ್ಟ.

ಸಮಯದ ಕತೆ ಹೀಗಿತ್ತು. 2022ರಿಂದ 2024ರವರೆಗೆ ನೀಟ್‌ಗೆ 200 ನಿಮಿಷ, ಪ್ರತಿ ವಿಷಯದ ಒಂದು ಭಾಗದಲ್ಲಿ 15 ಪ್ರಶ್ನೆಗಳಲ್ಲಿ 10 ಆರಿಸುವ ಸ್ವಾತಂತ್ರ್ಯವೂ ಇತ್ತು. 2025ರಲ್ಲಿ ಎರಡೂ ಹೋದವು: 180 ಪ್ರಶ್ನೆ, 180 ನಿಮಿಷ, ಎಲ್ಲವೂ ಕಡ್ಡಾಯ. ಇವಳು ಅಭ್ಯಾಸ ಮಾಡಿದ್ದು ಸಂಬಂಧಿಕರ ಹುಡುಗನ ಹಳೆಯ ಮಾಕ್ ಟೆಸ್ಟ್ ಕಟ್ಟಿನಲ್ಲಿ. ಪರೀಕ್ಷೆಯ ದಿನ ಫಿಸಿಕ್ಸಿನಿಂದ ಶುರು ಮಾಡಿ ಅಲ್ಲೇ ಒಂದು ಗಂಟೆಗಿಂತ ಜಾಸ್ತಿ ಕೂತಳು. ಗುಂಡಿ ತುಂಬುವ ಕೆಲಸವನ್ನೆಲ್ಲ ಕೊನೆಗೆ ಇಟ್ಟುಕೊಂಡಳು. ಅವಳ ಬಲವಾದ ಬಯಾಲಜಿಗೆ ಸಿಕ್ಕಿದ್ದು ಹೆದರಿಕೆಯ ಓಟ. ಆ 19ರಲ್ಲಿ ಹೆಚ್ಚಿನವು ಬಯಾಲಜಿಯಲ್ಲೇ ಇದ್ದದ್ದು ಇದರಿಂದ.

ಕೊಟ್ಟ ಸಲಹೆ ಇಷ್ಟು. ಬಯಾಲಜಿ ಮೊದಲು, 50 ನಿಮಿಷದೊಳಗೆ. ಆಮೇಲೆ ಕೆಮಿಸ್ಟ್ರಿ, ಕೊನೆಗೆ ಫಿಸಿಕ್ಸ್. ಒಂದು ಪುಟ ಮುಗಿದ ಕೂಡಲೇ ಆ ಪುಟದ ಗುಂಡಿಗಳನ್ನು ತುಂಬಬೇಕು. ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸಲು ಬರುವುದಿಲ್ಲವಲ್ಲ. ಪ್ರಶ್ನೆಯಲ್ಲಿ ‘ಅಲ್ಲ’, ‘ತಪ್ಪು’ ಎಂಬುದು ಕಂಡರೆ ವೃತ್ತ ಹಾಕಿ ಮುಂದೆ ಓದಬೇಕು. ನೀಟ್ ನಡೆಯುವುದು ಮಧ್ಯಾಹ್ನ 2ರಿಂದ 5. ಸುಮಾ ಬೆಳಗಿನ ಜಾವ ಓದಿ ಮಧ್ಯಾಹ್ನ ಮಲಗುವವಳು. ಹಾಗಾಗಿ ವಾರದ ಮಾಕ್ ಟೆಸ್ಟ್ ಭಾನುವಾರ 2 ಗಂಟೆಗೇ, ಕೈಗಡಿಯಾರ ಇಲ್ಲದೆ, ಫ್ಯಾನ್ ನಿಲ್ಲಿಸಿ. ಪರೀಕ್ಷಾ ಕೊಠಡಿಗೆ ವಾಚು ಬಿಡುವುದಿಲ್ಲ, ಇನ್ನು ಮೇ ತಿಂಗಳ ಸೆಕೆ ಗೊತ್ತೇ ಇದೆ.

ಅರೆಬರೆ ಗೊತ್ತಿದ್ದ 27ಕ್ಕೆ ಬೇರೆ ಮದ್ದು. ಅವಳ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಬಣ್ಣ ಹಚ್ಚದ ಸಾಲೇ ಇರಲಿಲ್ಲ. ಓದಿದ್ದನ್ನೇ ಮತ್ತೆ ಓದಿದರೆ ಪರಿಚಯ ಹೆಚ್ಚುತ್ತದೆ, ನೆನಪು ಹೆಚ್ಚುವುದಿಲ್ಲ. ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಬರೆ, ಬಿಟ್ಟುಹೋದದ್ದನ್ನು ಮಾತ್ರ ತೆರೆದು ನೋಡು, ಮೂರು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ಪುನಃ ಬರೆ ಎಂದೆ. ಶುರುವಿಗೆ ಅವಳಿಗೆ ಸಿಟ್ಟು ಬಂತು. ಹೀಗೆ ಓದಿದರೆ ‘ಏನೂ ಬರುವುದಿಲ್ಲ’ ಎಂದು ಕಾಣುತ್ತದಂತೆ. ಕಾಣಲಿ, ಅದಕ್ಕೇ ಅಲ್ವಾ ಮಾಡುವುದು? ಫಿಸಿಕ್ಸಿನಲ್ಲಿ ಎಲ್ಲವನ್ನೂ ಹಿಡಿಯುವುದು ಬೇಡ, ವಿದ್ಯುತ್ ಪ್ರವಾಹ, ಬೆಳಕು, ಸೆಮಿಕಂಡಕ್ಟರ್, ಉಷ್ಣ ಇವುಗಳನ್ನು ಗಟ್ಟಿ ಮಾಡು, ತಿರುಗುವ ಚಲನೆಯನ್ನು ಕೊನೆಗೆ ನೋಡೋಣ ಎಂದಾಯಿತು.

ಕೋಟ್ಟಯಂ ಹಾಸ್ಟೆಲ್ ಬೇಡ ಎಂದು ನಾನು ಹೇಳಲಿಲ್ಲ. ಅಲ್ಲಿ ಹೋಗಿ ಸೀಟು ಪಡೆದವರಿದ್ದಾರೆ. ಆದರೆ ಈ ಹುಡುಗಿಯ ಕೊರತೆ ಪಾಠದ್ದಲ್ಲ, ಬರೆಯುವ ರೀತಿಯದ್ದು. ಅದಕ್ಕೆ ಸಾಲ ಮಾಡಬೇಕಾ ಎಂದು ತಂದೆಯನ್ನು ಕೇಳಿದೆ. ಮಳೆಗಾಲ, ಅಡಿಕೆಗೆ ಮದ್ದು ಬಿಡುವ ಗಡಿಬಿಡಿ, ಕರೆಂಟು ಹೋದರೆ ಆನ್‌ಲೈನ್ ಕ್ಲಾಸೂ ಇಲ್ಲ ಎಂಬ ಅವರ ಅಡ್ಡಮಾತು ನ್ಯಾಯವಾದದ್ದೇ. ಕೊನೆಗೆ ಕಾಸರಗೋಡು ಪೇಟೆಯ ಒಂದು ಚಿಕ್ಕ ಸೆಂಟರಿಗೆ ಬಸ್ಸಿನಲ್ಲಿ ಹೋಗಿ ಬರುವುದು, ಟೆಸ್ಟ್ ಸರಣಿ ಮಾತ್ರ ದುಡ್ಡು ಕೊಟ್ಟು ತೆಗೆದುಕೊಳ್ಳುವುದು ಎಂದು ಒಪ್ಪಿದರು.

ಸೆಪ್ಟೆಂಬರಿನ ಮಾಕ್‌ನಲ್ಲಿ 331ಕ್ಕಿಂತಲೂ ಕಡಿಮೆ ಬಂತು. ಹಳೆ ಅಭ್ಯಾಸ ಬಿಟ್ಟು ಹೊಸದು ಹಿಡಿಯುವಾಗ ಹೀಗೆ ಆಗುತ್ತದೆ. ಮನೆಯಲ್ಲಿ ಗಲಾಟೆ, ಮತ್ತೆ ಕೋಟ್ಟಯಂ ಮಾತು. ಒಂದು ಟೆಸ್ಟನ್ನು ನೋಡಬೇಡಿ, ನಾಲ್ಕರ ಸರಾಸರಿ ನೋಡಿ ಎಂದೆ. ಡಿಸೆಂಬರಿಗೆ ಅದು 430ರ ಆಸುಪಾಸಿಗೆ ಬಂದಿತ್ತು.

ಅರ್ಜಿ ತುಂಬುವಾಗ ಭಾಷೆಯ ಪ್ರಶ್ನೆ ಎದ್ದಿತು. ನೀಟ್‌ನ ಕನ್ನಡ ಪುಸ್ತಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಕಾಸರಗೋಡಿನಲ್ಲಿ ಬರೆದರೆ ಇಂಗ್ಲಿಷ್, ಇಲ್ಲವೇ ಮಲಯಾಳಂ ಅಥವಾ ಹಿಂದಿ ಜೊತೆಗಿನದು. ಇಷ್ಟು ಕನ್ನಡದವರಿರುವ ಜಿಲ್ಲೆಯಲ್ಲೇ ಹೀಗೆ, ಏನು ಮಾಡುವುದು! ಮೊದಲ ಸಲ ಅವಳು ಮಂಗಳೂರಿನಲ್ಲಿ ಕನ್ನಡ ಪುಸ್ತಿಕೆ ತೆಗೆದುಕೊಂಡು ಪ್ರತಿ ಪ್ರಶ್ನೆಯನ್ನೂ ಎರಡೂ ಭಾಷೆಯಲ್ಲಿ ಓದಿದ್ದಳು. ಹಳೆಯ ಪತ್ರಿಕೆಗಳನ್ನು ಎರಡೂ ರೀತಿ ಬರೆಸಿ ನೋಡಿದೆವು. ಇಂಗ್ಲಿಷ್ ಮಾತ್ರ ಓದಿದಾಗ ವೇಗ ಹೆಚ್ಚಿತು, ತಪ್ಪು ಏರಲಿಲ್ಲ. ಎರಡು ವರ್ಷ ಪಾಠ ಕೇಳಿದ್ದೂ ಅದರಲ್ಲೇ. ಅವಳೇ ಕಾಸರಗೋಡು ಕೇಂದ್ರ, ಇಂಗ್ಲಿಷ್ ಎಂದು ತುಂಬಿದಳು. ಬೇರೆ ಮಕ್ಕಳಿಗೆ ಉತ್ತರ ಬೇರೆ ಇರಬಹುದು, ಬರೆದು ನೋಡಿಯೇ ನಿರ್ಧರಿಸಿ.

ಇನ್ನು ನೀಟ್ ಬರೆದರಷ್ಟೇ ಸಾಲದು. ಕೇರಳದ ಸೀಟಿಗೆ ಆ ರಾಜ್ಯದ ಪ್ರವೇಶ ಪ್ರಕ್ರಿಯೆಯಾದ ಕೀಮ್‌ನ ಅರ್ಜಿಯನ್ನು ಅದರ ಗಡುವಿನೊಳಗೆ ಬೇರೆಯಾಗಿ ಹಾಕಬೇಕು, ನೀಟ್ ಫಲಿತಾಂಶ ಬಂದ ಮೇಲೆ ಎಚ್ಚರಾದರೆ ತಡ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶವಿದೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜಿಗೆ 2025ರಲ್ಲಿ 50 ಎಂಬಿಬಿಎಸ್ ಸೀಟು ಬಂದದ್ದು ಮನೆಯವರ ಆಸೆಯನ್ನು ಹೆಚ್ಚಿಸಿತ್ತು. ಆದರೆ ಅದೇ ನೀಟ್ ಅಂಕದ ಮೇಲೆ ಕೇರಳದಲ್ಲಿ ಆಯುರ್ವೇದ, ಪಶುವೈದ್ಯ, ಕೃಷಿ, ಮೀನುಗಾರಿಕೆ ಪದವಿಗಳೂ ಇವೆ. ಕೃಷಿ ಕಾಲೇಜು ನಮ್ಮ ಜಿಲ್ಲೆಯ ಪಡನ್ನಕ್ಕಾಡಿನಲ್ಲೇ ಇದೆ.

‘ತೋಟ ಮಾಡಲಿಕ್ಕೆ ಡಿಗ್ರಿ ಬೇಕಾ?’ ಎಂದು ತಂದೆ ನಕ್ಕರು. ಸುಮಾ ನಗಲಿಲ್ಲ. ಪಶುವೈದ್ಯ ತನಗೆ ಇಷ್ಟ, ಮನೆಯಲ್ಲಿ ಯಾರೂ ಕೇಳಿರಲಿಲ್ಲ ಎಂದಳು. ಮೂವರೂ ಸೇರಿ ಮಾಡಿಕೊಂಡ ಒಪ್ಪಂದ ಹೀಗಿದೆ: ಮೂರನೇ ಸಲ ನೀಟ್ ಇಲ್ಲ, ಈ ಸಲ ಬಂದ ಅಂಕಕ್ಕೆ ಸಿಗುವುದರಲ್ಲಿ ಎಂಬಿಬಿಎಸ್ ಬಿಟ್ಟರೆ ಪಶುವೈದ್ಯಕ್ಕೆ ಎರಡನೇ ಜಾಗ, ಕೀಮ್ ಅರ್ಜಿಯ ಜವಾಬ್ದಾರಿ ತಂದೆಯದ್ದು.