ಸೇವೆ ಎಂಬ ಹಂಗು

ಪ್ರಶ್ನೆ: ನಾನು ಜಮಖಂಡಿಯವಳು, ಬರ್ಮಿಂಗ್‌ಹ್ಯಾಮ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಅಡತಿ ವ್ಯಾಪಾರದ ಅಪ್ಪನಿಗೆ ಪರಿಚಯದ ಕಾಕಾ-ಕಾಕು ಮನೆಯಲ್ಲೇ ವಾಸ. ಬಾಡಿಗೆಯಲ್ಲಿ ತಿಂಗಳಿಗೆ 200 ಪೌಂಡ್ ಕಡಿಮೆ ಮಾಡಿದ್ದಾರೆ. ಇಷ್ಟಲಿಂಗ ತೆಗೆದಿಟ್ಟು ತಮ್ಮ ಗುರುವಿನ ದೀಕ್ಷೆ ತಗೋ ಎನ್ನುತ್ತಾರೆ. ಶನಿವಾರ, ರವಿವಾರ ಕಾಕಾನ ಕೇಟರಿಂಗ್ ಅಡುಗೆಮನೆಯಲ್ಲಿ ಎಂಟೆಂಟು ತಾಸು ‘ಸೇವೆ’. ಲೈಬ್ರರಿಯಲ್ಲಿ ವಾರಕ್ಕೆ 10 ತಾಸು ಕೆಲಸವೂ ಇದೆ. ಪಾಸ್‌ಪೋರ್ಟ್ ಕಾಕಾನ ಕಪಾಟಿನಲ್ಲಿದೆ. ಸೇವೆ ಬಿಟ್ಟರೆ ವೀಸಾ ಆಫೀಸಿಗೆ ಬರೀತೀನಿ ಎನ್ನುತ್ತಾರೆ. ಅಪ್ಪ, ‘ಉಂಡ ಮನೆ, ಹೊಂದ್ಕೊಂಡು ಹೋಗು’ ಅಂತಾರೆ. ನಾನು ಉಪಕಾರ ಮರೆತವಳೇ?

ಅಲ್ಲ ತಂಗಿ. ಅಪ್ಪನ ಮುಂದೆ ಧರ್ಮದ ಮಾತಿಗಿಂತ ಮೊದಲು ಲೆಕ್ಕ ಇಡು. 21 ತುಂಬಿದವರಿಗೆ ಅಲ್ಲಿನ ಕನಿಷ್ಠ ಕೂಲಿ 2025ರ ಏಪ್ರಿಲ್‌ನಲ್ಲಿ ತಾಸಿಗೆ 12.21 ಪೌಂಡ್ ಇತ್ತು. ಆ ದರದಲ್ಲೇ ವಾರದ 16 ತಾಸಿಗೆ 195 ಪೌಂಡ್ ಆಯಿತು. ತಿಂಗಳ ರಿಯಾಯಿತಿ ಹೆಚ್ಚುಕಡಿಮೆ ಮೊದಲ ವಾರಕ್ಕೇ ತೀರಿತು. ಉಳಿದ ವಾರಗಳಲ್ಲಿ ಕೊಡುತ್ತಿರುವವಳು ನೀನು.

ಅವರ ಬೆದರಿಕೆಯಲ್ಲಿ ಒಂದು ಪಾಲು ಮಾತ್ರ ನಿಜ, ಆ ಪಾಲು ಅಪಾಯದ್ದು. ಪದವಿ ವಿದ್ಯಾರ್ಥಿಗೆ ತರಗತಿ ನಡೆಯುವ ಅವಧಿಯಲ್ಲಿ ಸೋಮವಾರದಿಂದ ರವಿವಾರಕ್ಕೆ 20 ತಾಸಿನ ಮಿತಿ ಇದೆ. ಸಂಬಳವಿಲ್ಲದ ದುಡಿಮೆಯೂ ಇದರಲ್ಲಿ ಸೇರುತ್ತದೆ. ವ್ಯಾಪಾರದ ಅಡುಗೆಗೆ ಸೇವೆ ಎಂದು ಹೆಸರಿಟ್ಟರೆ ಲೆಕ್ಕದಿಂದ ಬಿಟ್ಟುಹೋಗುವುದಿಲ್ಲ. ನಿನ್ನದು 26 ಆಗಿದೆ. ಎಂ.ಎಸ್ಸಿ.ಗೆ ಬೇಸಿಗೆಯ ಪ್ರಬಂಧದ ತಿಂಗಳುಗಳೂ ರಜೆಯಲ್ಲ. ಈ ವಾರವೇ ಸೇವೆ ನಿಲ್ಲಿಸು. ಇಲ್ಲಿಯವರೆಗಿನ ತಾಸುಗಳನ್ನು ದಿನಾಂಕ ಸಹಿತ ಬರೆದಿಟ್ಟು ವಿದ್ಯಾರ್ಥಿ ಸಂಘದ ಸಲಹಾ ಕೇಂದ್ರಕ್ಕೆ ಹೋಗು. ವಿಶ್ವವಿದ್ಯಾಲಯ ನಿನ್ನ ವೀಸಾದ ಪ್ರಾಯೋಜಕ, ಅದಕ್ಕೆ ವರದಿ ಮಾಡುವ ಹೊಣೆ ಇರುತ್ತದೆ. ಆದ್ದರಿಂದ ಯಾರ ಮುಂದೆ ಬಾಯಿ ಬಿಡುವ ಮೊದಲೂ ‘ಇದು ಗುಟ್ಟಾಗಿ ಉಳಿಯುತ್ತದೆಯೇ’ ಎಂದು ಕೇಳು.

ಜಗಳ ಈಗ ಬೇಡ. ಮಾಲೀಕರ ಜೊತೆ ಅದೇ ಮನೆಯಲ್ಲಿ ಅಡುಗೆಮನೆ ಹಂಚಿಕೊಂಡು ಇರುವವರಿಗೆ ಬಾಡಿಗೆದಾರರ ಪೂರ್ತಿ ರಕ್ಷಣೆ ಸಿಗುವುದಿಲ್ಲ, ಸಣ್ಣ ನೋಟಿಸಿನಲ್ಲಿ ಹೊರಗೆ ಹಾಕಬಹುದು. ಮೊದಲು ವಿಶ್ವವಿದ್ಯಾಲಯದ ವಸತಿ ಕಚೇರಿಯಲ್ಲಿ ನಡುವರ್ಷ ಖಾಲಿಯಾದ ಕೋಣೆ ಕೇಳು. ಅಷ್ಟರಲ್ಲಿ ಇ-ವೀಸಾ ಖಾತೆ ತೆರೆದು ನೋಡು: ಲಾಗಿನ್ ಕೋಡ್ ಹೋಗುವ ಇಮೇಲ್, ಫೋನ್ ನಿನ್ನದೇ ಇರಬೇಕು. ಕಾಕಾನದಿದ್ದರೆ ಇಂದೇ ಬದಲಿಸು. ವೀಸಾ ಇರುವುದು ಆ ಖಾತೆಯಲ್ಲಿ, ಕಪಾಟಿನಲ್ಲಲ್ಲ. ಮನೆ ಬದಲಿಸಿದಾಗ ವಿಳಾಸವನ್ನೂ ಅಲ್ಲೇ ತಿದ್ದಬೇಕು.

ಕೋಣೆ ಖಾತ್ರಿಯಾದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಸಾಲು ಬರೆ: ‘ಕಾಕಾ, ನನ್ನ ಪಾಸ್‌ಪೋರ್ಟ್ ಇವತ್ತು ಸಂಜೆ ಬೇಕು.’ ಕಾರಣ ಹೇಳಬೇಡ, ಕಾರಣ ಹೇಳಿದರೆ ವಾದ ಬೆಳೆಯುತ್ತದೆ. 1967ರ ಪಾಸ್‌ಪೋರ್ಟ್ ಕಾಯ್ದೆಯಂತೆ ಅದು ಭಾರತ ಸರ್ಕಾರದ ಸ್ವತ್ತು. ಕೊಡದಿದ್ದರೆ ಪೊಲೀಸರ 101ಕ್ಕೆ ಕರೆ ಮಾಡು, ಮೈಮೇಲೆ ಬಂದರೆ 999. ಬರ್ಮಿಂಗ್‌ಹ್ಯಾಮ್‌ನಲ್ಲೇ ಭಾರತದ ಕಾನ್ಸುಲೇಟ್ ಇದೆ. ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಮೂಲ ಅಂಕಪಟ್ಟಿಗಳನ್ನು ಮುಂಚೆಯೇ ಚೀಲಕ್ಕೆ ಹಾಕಿಕೋ.

ಕಾಕು ಕಣ್ಣೀರು ಹಾಕಬಹುದು. ಅನ್ನ ಹಾಕಿದ್ದಕ್ಕೆ ಮನಸಾರೆ ಕೈಮುಗಿ. ಆದರೆ ಇಷ್ಟಲಿಂಗ ಕೊರಳಲ್ಲೇ ಇರಲಿ. ಅಂಗೈಯಲ್ಲೇ ನಡೆಯುವ ಪೂಜೆಗೆ ಮನೆ ಮಾಲೀಕರ ಅಪ್ಪಣೆ ಬೇಕಿಲ್ಲ. ಕೋಣೆ ಸಿಗುವ ತನಕ ವಿಶ್ವವಿದ್ಯಾಲಯದ ಪ್ರಾರ್ಥನಾ ಕೊಠಡಿಯಲ್ಲಿ ಕೂತು ಪೂಜೆ ಮಾಡಿಕೋ. ವಿಭೂತಿ, ಒಂದು ಲೋಟ ನೀರು ಸಾಕು. ಊದಿನಕಡ್ಡಿ ಮಾತ್ರ ಹಚ್ಚಬೇಡ, ಹೊಗೆಯ ಅಲಾರ್ಮ್ ಕೂಗುತ್ತದೆ.