ಲಾಳ ಕಟ್ಟುವ ಕೆಲಸಕ್ಕೆ ವೆಲ್ಡಿಂಗ್ ಅನುಭವ ಸಾಕೇ?

ಪ್ರಶ್ನೆ: ನಾನು ಮಲ್ಪೆ ಸಮೀಪದವನು, ವೆಲ್ಡಿಂಗ್ ಕೆಲಸ ಮಾಡುತ್ತೇನೆ. ಕಡಲತೀರದಲ್ಲಿ ಸವಾರಿಯ ಕುದುರೆಗಳನ್ನು ಇಟ್ಟುಕೊಂಡಿರುವ ಪರಿಚಿತರೊಬ್ಬರು ಲಾಳ ಕಟ್ಟುವವರು ಇಲ್ಲಿ ಸಿಗುವುದಿಲ್ಲ ಎನ್ನುತ್ತಾರೆ. ಲಾಳವನ್ನು ನಾನೇ ತಯಾರಿಸಬಲ್ಲೆ. ಕಟ್ಟುವುದನ್ನು ಕಲಿಯುವುದು ಹೇಗೆ?

ಉತ್ತರ: ಕಬ್ಬಿಣದ ಕೆಲಸ ತಿಳಿದಿರುವುದು ಅನುಕೂಲವೇ, ಆದರೆ ಸಿದ್ಧ ಲಾಳಗಳು ಮಾರುಕಟ್ಟೆಯಲ್ಲಿ ದೊರೆಯುವ ಈ ಕಾಲದಲ್ಲಿ ನೀವು ಮೊದಲು ಕಲಿಯಬೇಕಾದದ್ದು ಗೊರಸನ್ನು. ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುವುದರಿಂದ, ಲಾಳ ಸವೆಯದಿದ್ದರೂ 6ರಿಂದ 8 ವಾರಗಳಿಗೊಮ್ಮೆ ಅದನ್ನು ಬಿಚ್ಚಿ, ಬೆಳೆದ ಅಂಚನ್ನು ಕತ್ತರಿಸಿ, ಅರದಿಂದ ಸಮಗೊಳಿಸಿ ಮತ್ತೆ ಕಟ್ಟಬೇಕಾಗುತ್ತದೆ. ಆರಂಭದಲ್ಲಿ ಮೊಳೆಯನ್ನು ಮುಟ್ಟದೆ, ಕುದುರೆ ಬೆದರದಂತೆ ಕಾಲೆತ್ತಿ ಹಿಡಿಯುವುದನ್ನೂ ಗೊರಸು ಕತ್ತರಿಸುವುದನ್ನೂ ರೂಢಿಸಿಕೊಳ್ಳಿ. ಮರಳಿನ ಮೇಲಷ್ಟೇ ನಡೆಯುವ ಕುದುರೆಗೆ ಅನೇಕ ವೇಳೆ ಇಷ್ಟೇ ಸಾಕು. ಡಾಂಬರು ರಸ್ತೆಯಲ್ಲಿ ದಿನವೂ ಓಡಾಡುವ ಕುದುರೆಗೆ ಮಾತ್ರ ಲಾಳದ ಅಗತ್ಯ ಹೆಚ್ಚು. ನಿಮ್ಮ ಪರಿಚಿತರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅಪಾಯವಿರುವುದು ಮೊಳೆಯಲ್ಲಿ. ಗೊರಸಿನ ತಳವನ್ನು ಶುಚಿಗೊಳಿಸಿದಾಗ ಹೊರಗೋಡೆಗೂ ತಳಕ್ಕೂ ನಡುವೆ ತಿಳಿಬಣ್ಣದ ಗೆರೆಯೊಂದು ಕಾಣುತ್ತದೆ. ಮೊಳೆ ಆ ಗೆರೆಯ ಒಳಗೆ ಹೋಗಬಾರದು, ಏಕೆಂದರೆ ಅಲ್ಲಿಂದಾಚೆ ರಕ್ತವೂ ನರಗಳೂ ಇವೆ. ಲಾಳದ ಮೊಳೆಯ ತುದಿ ಒಂದು ಬದಿಗೆ ಇಳಿಜಾರಾಗಿದ್ದು, ಆ ಇಳಿಜಾರು ಗೊರಸಿನ ಒಳಮುಖಕ್ಕಿದ್ದರೆ ಮೊಳೆ ಹೊರಕ್ಕೆ ಬಾಗಿ ಗೋಡೆಯಿಂದ ಹೊರಬರುತ್ತದೆ. ತಿರುವುಮುರುವಾಗಿ ಹಿಡಿದರೆ ನೇರ ಜೀವಭಾಗಕ್ಕೇ ನುಗ್ಗುತ್ತದೆ. ತುದಿ ಹೊರಬಂದ ಕೂಡಲೇ ಅದನ್ನು ಮುರಿದುಬಿಡಬೇಕು, ಇಲ್ಲವಾದರೆ ಕುದುರೆ ಕಾಲು ಸೆಳೆದುಕೊಂಡಾಗ ನಿಮ್ಮ ತೊಡೆ ಸೀಳುತ್ತದೆ. ಹಿಮ್ಮಡಿಯ ಭಾಗಕ್ಕೆ ಮೊಳೆ ಹೊಡೆಯುವಂತಿಲ್ಲ. ಹೆಜ್ಜೆಯಿಟ್ಟಾಗ ಆ ಭಾಗ ತುಸು ಹಿಗ್ಗಬೇಕು. ಹೊಡೆಯುವಾಗ ಕುದುರೆ ಬೆಚ್ಚಿದರೆ ಮೊಳೆಯನ್ನು ಕಿತ್ತು ಪಶುವೈದ್ಯರನ್ನು ಕರೆಯಿರಿ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಒದ್ದೆ ಲಾಯದ ಕುದುರೆಗಳಿಗೆ ಗೊರಸಿನ ನಡುವಿನ ಮೆತ್ತನೆಯ ಭಾಗ ಕಪ್ಪಾಗಿ, ದುರ್ವಾಸನೆ ಬಂದು ಕೊಳೆಯುವುದುಂಟು. ಅಂಥ ಗೊರಸಿಗೆ ಮೊದಲು ಚಿಕಿತ್ಸೆಯಾಗಬೇಕು.

ಕಲಿಯಲು ಕುದುರೆಗಳು ಹೆಚ್ಚಿರುವಲ್ಲಿಗೇ ಹೋಗಬೇಕು. ಮೀರತ್‌ನಲ್ಲಿರುವ ಸೇನೆಯ ಪಶುವೈದ್ಯ ದಳದ ತರಬೇತಿ ಸೈನಿಕರಿಗಾಗಿ ಇರುವಂಥದ್ದು. ನಿಮಗೆ ಹತ್ತಿರವಾಗುವುದು ಬೆಂಗಳೂರು, ಮೈಸೂರುಗಳ ರೇಸ್ ಕುದುರೆ ಲಾಯಗಳು. ಅಲ್ಲಿನ ಅನುಭವಿಯೊಬ್ಬರ ಕೈಕೆಳಗೆ ಸಹಾಯಕರಾಗಿ ಸೇರಲು ಪ್ರಯತ್ನಿಸಿ. ಹೊರಡುವ ಮೊದಲು ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಳ್ಳಿ.