ಅರುವತ್ತು ಹೆಸರು, ಸೊನ್ನೆ ಕಂತು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಿಕೊಂಡು ನನ್ನ ಬಳಿ ಬಂದ ಅವರಿಗೆ 34 ವರ್ಷ. ಸಾಫ್ಟ್‌ವೇರ್ ಟೆಸ್ಟರ್, ಅಂದರೆ ಕೋಡ್‌ನಲ್ಲಿರುವ ತಪ್ಪುಗಳನ್ನು (ಬಗ್) ಹುಡುಕುವವರು. ಮಕ್ಕಳಿಗೆ ವಿಜ್ಞಾನವನ್ನು ಕಥೆಯಂತೆ ಹೇಳುವ ಪಾಡ್‌ಕಾಸ್ಟ್ ಶುರುಮಾಡಬೇಕು ಅಂದುಕೊಂಡು ಎರಡು ವರ್ಷವಾಗಿತ್ತು. ಮೊದಲ ಭೇಟಿಯಲ್ಲೇ ಲ್ಯಾಪ್‌ಟಾಪ್ ತೆರೆದು ತೋರಿಸಿದರು. ನಲವತ್ತು ಪುಟ ಟಿಪ್ಪಣಿ, ಹನ್ನೊಂದು ಮೈಕ್‌ಗಳನ್ನು ಹೋಲಿಸಿದ ಪಟ್ಟಿ, ಕಾರ್ಯಕ್ರಮಕ್ಕೆ ಅರುವತ್ತು ಹೆಸರು. ರೆಕಾರ್ಡಿಂಗ್ ಎಷ್ಟಾಗಿದೆ ಎಂದು ಕೇಳಿದೆ. “ಒಂದು ನಿಮಿಷವೂ ಇಲ್ಲ” ಎಂದು ನಕ್ಕರು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಇವರು ಅರುವತ್ತು ಕುಲಾವಿ ಹೊಲಿದಿಟ್ಟಿದ್ದರು.

ಇಲ್ಲಿ ನನ್ನದೂ ಒಂದು ತಪ್ಪಾಯಿತು. ದಿನಕ್ಕೆ ಅರ್ಧ ಗಂಟೆಯ ವೇಳಾಪಟ್ಟಿ ಮಾಡಿಕೊಳ್ಳಿ ಎಂದೆ. ಮುಂದಿನ ವಾರ ಆರು ಬಣ್ಣಗಳ ವೇಳಾಪಟ್ಟಿ ತಂದರು. ತುಂಬಾ ಚೆನ್ನಾಗಿತ್ತು. ವಾರವೆಲ್ಲ ಅದಕ್ಕೇ ಹೋಗಿತ್ತು!

ಎರಡನೇ ಭೇಟಿಯಲ್ಲಿ ಸಲಹೆ ಬಿಟ್ಟು ಬರೀ ಪ್ರಶ್ನೆ ಕೇಳಿದೆ.

“ಮೊದಲ ಕಂತು ಕೆಟ್ಟದಾಗಿ ಬಂದರೆ?”

“ಕೇಳಿದವರು ನಗುತ್ತಾರೆ.”

“ನಕ್ಕರೆ?”

“ನನಗೆ ಇದು ಬರಲ್ಲ ಅಂತ ಗೊತ್ತಾಗುತ್ತೆ.”

“ಯಾರಿಗೆ?”

ಸ್ವಲ್ಪ ಹೊತ್ತು ಸುಮ್ಮನಿದ್ದರು. “ನನಗೇ.”

ಗಂಟು ಇದ್ದದ್ದು ಅಲ್ಲಿ. ಶುರುಮಾಡದ ತನಕ ಕನಸಿಗೆ ಗೀರು ಬೀಳಲ್ಲ. ಮನೆಯವರು ಇದನ್ನು ಸೋಮಾರಿತನ ಅನ್ನುತ್ತಿದ್ದರಂತೆ. ಸೋಮಾರಿ ಹನ್ನೊಂದು ಮೈಕ್ ಹೋಲಿಸುತ್ತಾನಾ? ಮನಶ್ಶಾಸ್ತ್ರಜ್ಞರಾದ ಪಾಲ್ ಹೆವಿಟ್ ಮತ್ತು ಗೋರ್ಡನ್ ಫ್ಲೆಟ್ 1991ರಲ್ಲಿ ಪರ್ಫೆಕ್ಷನಿಸಂನ, ಅಂದರೆ ಎಲ್ಲವೂ ಒಂದು ಕುಂದೂ ಇಲ್ಲದಂತೆ ಇರಬೇಕೆಂಬ ಹಟದ, ಮೂರು ಮುಖಗಳನ್ನು ಬೇರೆಮಾಡಿ ತೋರಿಸಿದರು. ನಮ್ಮಿಂದ ನಾವೇ ಬಯಸುವುದು, ಬೇರೆಯವರಿಂದ ಬಯಸುವುದು, ಬೇರೆಯವರು ನಮ್ಮಿಂದ ಬಯಸುತ್ತಿದ್ದಾರೆ ಅಂದುಕೊಳ್ಳುವುದು. ಇವರಲ್ಲಿ ಮೊದಲನೆಯದೂ ಮೂರನೆಯದೂ ಜಾಸ್ತಿ ಇದ್ದವು. ಇನ್ನೊಂದು ಮೈಕ್ ಹುಡುಕಿದಾಗಲೆಲ್ಲ ಹೆದರಿಕೆ ಸ್ವಲ್ಪ ಇಳಿಯುತ್ತಿತ್ತು. ಆ ನೆಮ್ಮದಿಗಾಗಿ ಮನಸ್ಸು ಮತ್ತೆ ಅಲ್ಲಿಗೇ ಓಡುತ್ತಿತ್ತು. ಯೋಚನೆ ಕೆಲಸದ ವೇಷ ಹಾಕಿಕೊಂಡು ಕೂತಿತ್ತು.

ನಿದ್ದೆ, ಹಸಿವು, ದಿನದ ಕೆಲಸದ ಬಗ್ಗೆಯೂ ಕೇಳಿದೆ. ಎಲ್ಲ ಸರಿಯಿತ್ತು. ಅವು ಕೆಟ್ಟಿದ್ದರೆ, ಅಥವಾ ಬೇಡವೆಂದರೂ ಮತ್ತೆ ಮತ್ತೆ ಪರೀಕ್ಷಿಸುವ ಒತ್ತಡ ಇದ್ದಿದ್ದರೆ, ಮೊದಲು ಮನೋವೈದ್ಯರನ್ನು ಕಾಣಲು ಹೇಳುತ್ತಿದ್ದೆ.

“ಬರೆಯದೇ ಇರುವ ಕೋಡ್‌ನಲ್ಲಿ ಬಗ್ ಹುಡುಕುತ್ತೀರಾ?” ಎಂದು ಕೇಳಿದೆ. “ಏನಿದೆ ಅಂತ ಹುಡುಕೋದು?” ಎಂದವರು, ತಮ್ಮ ಮಾತು ತಮಗೇ ಕೇಳಿಸಿದಂತೆ ನಿಂತರು. ಆಗ ಒಂದು ಪ್ರಯೋಗ ಕೊಟ್ಟೆ. ಫೋನಿನಲ್ಲೇ ಮೂರು ನಿಮಿಷದ ರೆಕಾರ್ಡಿಂಗ್. ಬೇಕೆಂದೇ ಒಂದು ಕಡೆ ತಡವರಿಸಬೇಕು, ಅದನ್ನು ಅಳಿಸಬಾರದು. ಎರಡನೇ ಸಲ ರೆಕಾರ್ಡ್ ಮಾಡುವಂತಿಲ್ಲ. ಪರಿಚಯದ ಮೂರು ಮಕ್ಕಳಿಗೆ ಕೇಳಿಸಬೇಕು. ಏನಾಗುತ್ತದೆ ಎಂಬ ಊಹೆಯನ್ನು ಮೊದಲೇ ಬರೆದಿಡಬೇಕು. ತಿದ್ದುವ ಕೆಲಸ ಮಾರನೇ ದಿನಕ್ಕೆ, ಅದೂ ಇಪ್ಪತ್ತು ನಿಮಿಷ ಮಾತ್ರ.

ಯಾವಾಗ ಎಂಬುದನ್ನು ಮನಸ್ಸಿನ ಇಷ್ಟಕ್ಕೆ ಬಿಡಲಿಲ್ಲ. “ರಾತ್ರಿ ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ಫೋನ್ ತೆಗೆದು ರೆಕಾರ್ಡ್ ಒತ್ತುತ್ತೇನೆ” ಎಂದು ಅವರ ಕೈಯಲ್ಲೇ ಬರೆಸಿದೆ. ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂಬ ಇಂಥ ಸಂಕಲ್ಪಗಳ ಬಗ್ಗೆ ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಗಳಿಗೆ ಮೊದಲೇ ಗೊತ್ತಾಗಿದ್ದರೆ, ಆ ಹೊತ್ತಿಗೆ ಯೋಚಿಸುತ್ತಾ ಕೂರಲು ಜಾಗ ಕಡಿಮೆ.

ಊಹೆಯ ಹಾಳೆಯಲ್ಲಿ ಅವರು ಬರೆದಿದ್ದು: “ತಡವರಿಸಿದ್ದಕ್ಕೆ ಮೂವರೂ ನಗುತ್ತಾರೆ. ಭಯ, ನೂರಕ್ಕೆ 85.”

ತಡವರಿಸಿದ್ದನ್ನು ಮೂವರಲ್ಲಿ ಒಬ್ಬರೂ ಎತ್ತಲಿಲ್ಲ. ಆದರೆ ಒಂದು ಮಗು ಮಧ್ಯದಲ್ಲೇ ಎದ್ದುಹೋಯಿತು. ಇದನ್ನು ಹೇಳುವಾಗ ಮುಖ ಬಾಡಬಹುದು ಅಂದುಕೊಂಡಿದ್ದೆ. ಬಾಡಲಿಲ್ಲ. “ಎಲ್ಲಿ ಬೋರ್ ಆಯ್ತು ಅಂತ ಕೇಳಿದೆ. ಒಂದು ನಿಮಿಷ ನಲವತ್ತು ಸೆಕೆಂಡಿನ ಹತ್ತಿರ. ಅಲ್ಲಿ ವಿವರಣೆ ಉದ್ದವಾಗಿದೆ, ನಿಜ” ಎಂದರು. ಎರಡು ವರ್ಷ ಹೆದರಿಸಿದ್ದು ಕೊನೆಗೆ ಒಂದು ಬಗ್ ರಿಪೋರ್ಟ್ ಆಗಿ ಬಂದಿತ್ತು, ಅಲ್ವಾ?

ಏಳನೇ ವಾರಕ್ಕೆ ನಾಲ್ಕು ಕಂತುಗಳಾಗಿದ್ದವು. ನಡುವೆ ಒಂದು ವಾರ ಮತ್ತೆ ಮೈಕ್ ಪಟ್ಟಿ ತೆರೆದು ಕೂತಿದ್ದನ್ನೂ ಒಪ್ಪಿಕೊಂಡರು. ಕಾರ್ಯಕ್ರಮಕ್ಕೆ ಹೆಸರು ಇನ್ನೂ ಗಟ್ಟಿಯಾಗಿಲ್ಲ. ಫೈಲುಗಳು ‘ಹೆಸರಿಲ್ಲ 1’, ‘ಹೆಸರಿಲ್ಲ 2’ ಎಂದು ಫೋನಿನಲ್ಲಿ ಕೂತಿವೆ.